ಕ್ಯಾನ್ಸರ್ ಸಂಶೋಧನೆ: ಉಲ್ಲೇಖಗಳ ಲೆಕ್ಕ ಏನನ್ನು ಹೇಳುತ್ತದೆ?

ಧರ್ಮಕೇಂದ್ರದ ಯಾವುದಾದರೂ ಕುಟುಂಬಕ್ಕೆ ಕ್ಯಾನ್ಸರ್ ಬಂದಿದೆ ಎಂದು ತಿಳಿದ ಕೂಡಲೇ ಆ ಮನೆಗೆ ಪ್ರಾರ್ಥಿಸುವವರ ಜೊತೆಗೆ ಸಲಹೆ ಕೊಡುವವರೂ ಬರುತ್ತಾರೆ. "ಈ ಔಷಧಿ ಕಂಡುಹಿಡಿದವರು ದೊಡ್ಡ ವಿಜ್ಞಾನಿ, ಅವರ ನೂರಾರು ಲೇಖನಗಳು ವಿದೇಶದ ಪತ್ರಿಕೆಗಳಲ್ಲಿ ಬಂದಿವೆ, ಸಾವಿರಾರು ಮಂದಿ ಅವನ್ನು ಉಲ್ಲೇಖಿಸಿದ್ದಾರೆ" ಎಂಬ ಮಾತು ಕೇಳಿ ಆಸ್ಪತ್ರೆಯ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರಿದ್ದಾರೆ. ಆದ್ದರಿಂದ ಈ ಲೆಕ್ಕದ ಅರ್ಥವನ್ನು ನಾವು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಸಂಶೋಧಕರು ತಮ್ಮ ಕೆಲಸವನ್ನು ಪ್ರಬಂಧವಾಗಿ ಬರೆದು ವಿಜ್ಞಾನ ಪತ್ರಿಕೆಗೆ ಕಳುಹಿಸುತ್ತಾರೆ. ಆ ವಿಷಯ ಬಲ್ಲ ಇತರರು ಪರಿಶೀಲಿಸಿ ಒಪ್ಪಿದ ಮೇಲೆ ಅದು ಪ್ರಕಟವಾಗುತ್ತದೆ. ಮುಂದೆ ಬೇರೊಬ್ಬರು ತಮ್ಮ ಪ್ರಬಂಧದಲ್ಲಿ ಅದನ್ನು ಹೆಸರಿಸಿದರೆ ಅದೇ ಒಂದು ಉಲ್ಲೇಖ. ಇಂತಹ ಉಲ್ಲೇಖಗಳ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. 2005ರಲ್ಲಿ ಭೌತವಿಜ್ಞಾನಿ ಹೊರ್ಹೆ ಹಿರ್ಶ್ 'ಎಚ್-ಸೂಚ್ಯಂಕ'ವನ್ನು ಸೂಚಿಸಿದರು. ಒಬ್ಬರ 20 ಪ್ರಬಂಧಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡಿದ್ದರೆ, ಮತ್ತು 21 ಪ್ರಬಂಧಗಳಿಗೆ ತಲಾ 21 ಉಲ್ಲೇಖ ಇಲ್ಲದಿದ್ದರೆ, ಅವರ ಎಚ್-ಸೂಚ್ಯಂಕ 20.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರೋಗ ಮಾಹಿತಿ ಕೇಂದ್ರ ಬೆಂಗಳೂರಿನಲ್ಲಿದೆ. ಅದರ ನಿರ್ದೇಶಕರಾಗಿದ್ದ ಡಾ. ಪ್ರಶಾಂತ್ ಮಾಥುರ್ ಮತ್ತು ಸಂಗಡಿಗರು 2020ರಲ್ಲಿ 'ಜೆಸಿಓ ಗ್ಲೋಬಲ್ ಆಂಕಾಲಜಿ' ಪತ್ರಿಕೆಯಲ್ಲಿ ದೇಶದ ಕ್ಯಾನ್ಸರ್ ಅಂಕಿಅಂಶಗಳ ವರದಿ ಪ್ರಕಟಿಸಿದರು. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಹೊಸ ಪ್ರಕರಣಗಳು ಎಂದೂ ಅವುಗಳಲ್ಲಿ ಶೇ. 27.1ರಷ್ಟು ತಂಬಾಕಿಗೆ ಸಂಬಂಧಿಸಿದ ಕ್ಯಾನ್ಸರ್ ಎಂದೂ ಅಂದಾಜಿಸಲಾಯಿತು. ಈ ಪ್ರಬಂಧವನ್ನು ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಿಸಲಾಗಿದೆ. ಅದರಲ್ಲಿ ಹೊಸ ಔಷಧಿಯೇನೂ ಇಲ್ಲ. ಭಾರತದ ಕ್ಯಾನ್ಸರ್ ಬಗ್ಗೆ ಬರೆಯುವ ಯಾರಿಗೇ ಆದರೂ ರೋಗಿಗಳೆಷ್ಟು ಎಂಬ ಲೆಕ್ಕ ಬೇಕು. ಆದ್ದರಿಂದ ಎಲ್ಲರೂ ಅದನ್ನು ಹೆಸರಿಸುತ್ತಾರೆ.

ಈ ಲೆಕ್ಕ ಎಲ್ಲಿಂದ ಬರುತ್ತದೆ? ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋದವರಿಗೆ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣ ಗೊತ್ತಿರಬಹುದು. ಅದು ರಾಣೆಬೆನ್ನೂರು ತಾಲ್ಲೂಕಿನ ಕಾರ್ಖಾನೆಯ ಊರು. ಅಲ್ಲಿನ ಕಾರ್ಮಿಕರೊಬ್ಬರು ಬಾಯಿಯ ಹುಣ್ಣು ವಾಸಿಯಾಗದೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದರೆಂದು ಇಟ್ಟುಕೊಳ್ಳೋಣ. ಬೆಂಗಳೂರಿನ ಜನಸಂಖ್ಯಾ ಆಧಾರಿತ ನೋಂದಣಿಯಲ್ಲಿ ಅವರು ಸೇರುವುದಿಲ್ಲ. ಅದು ಆ ನಗರದ ನಿವಾಸಿಗಳಿಗೆ ಮಾತ್ರ. ಆದರೆ ಆಸ್ಪತ್ರೆ ಆಧಾರಿತ ನೋಂದಣಿಯಲ್ಲಿ ಅವರ ರೋಗ, ಹಂತ, ಚಿಕಿತ್ಸೆ ಎಲ್ಲವೂ ದಾಖಲಾಗುತ್ತವೆ. 2020ರ ವರದಿಗೆ ಇಂತಹ 28 ಜನಸಂಖ್ಯಾ ನೋಂದಣಿಗಳು ಮತ್ತು 58 ಆಸ್ಪತ್ರೆ ನೋಂದಣಿಗಳು ಆಧಾರವಾದವು. ಪ್ರತಿ ಉಲ್ಲೇಖದ ಹಿಂದೆ ತಮ್ಮ ಕಷ್ಟವನ್ನು ಹೇಳಿಕೊಂಡ ರೋಗಿಗಳು ಮತ್ತು ತಾಳ್ಮೆಯಿಂದ ಬರೆದುಕೊಂಡ ಸಿಬ್ಬಂದಿ ಇದ್ದಾರೆ.

ಹಾಗಾದರೆ ಉಲ್ಲೇಖ ಹೆಚ್ಚಿದ್ದರೆ ಕೆಲಸ ಸತ್ಯವೆಂದು ಅರ್ಥವೇ? ಹಾಗೇನಿಲ್ಲ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಭಾರತ ಮೂಲದ ಭರತ್ ಅಗರ್ವಾಲ್ ಅರಿಶಿನದ ಕರ್ಕ್ಯುಮಿನ್ ಕುರಿತ ಪ್ರಬಂಧಗಳಿಂದ ಬಹಳ ಹೆಚ್ಚು ಉಲ್ಲೇಖಗೊಂಡ ಸಂಶೋಧಕರಾಗಿದ್ದರು. ಮುಂದೆ ಅವುಗಳಲ್ಲಿನ ದತ್ತಾಂಶ ಮತ್ತು ಚಿತ್ರಗಳ ಬಗ್ಗೆ ಪ್ರಶ್ನೆಗಳೆದ್ದು, 2016ರಲ್ಲಿ ಒಂದೇ ಪತ್ರಿಕೆ ಅವರ ಏಳು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಒಟ್ಟಾರೆ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳು ಹಿಂದಕ್ಕೆ ಹೋದವು. ಅರಿಶಿನ ಅಡುಗೆಗೆ ಒಳ್ಳೆಯದೇ. ಆದರೆ ಅದು ಕ್ಯಾನ್ಸರ್ ಚಿಕಿತ್ಸೆಯ ಬದಲಿ ಅಲ್ಲ.

ಇದಕ್ಕೆ ವ್ಯತಿರಿಕ್ತವಾದದ್ದೂ ಇದೆ. ನ್ಯೂಯಾರ್ಕಿನ ಪೇಟನ್ ರೌಸ್ ಕೋಳಿಗಳ ಗೆಡ್ಡೆಯೊಂದು ವೈರಸ್‌ನಂತಹ ಸೂಕ್ಷ್ಮ ಕಾರಣದಿಂದ ಹರಡುತ್ತದೆ ಎಂದು 1911ರಲ್ಲಿ ತೋರಿಸಿದಾಗ ಹೆಚ್ಚಿನವರು ನಂಬಲಿಲ್ಲ. ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು 1966ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ.

ಆದ್ದರಿಂದ ರೋಗಿಗಳ ಮನೆಗೆ ಭೇಟಿ ಕೊಡುವ ನಮ್ಮ ಗುರಿಕಾರರು, ಧರ್ಮಭಗಿನಿಯರು ಮತ್ತು ಸ್ವಯಂಸೇವಕರು ಇಂತಹ ಮಾತು ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳಬಹುದು. ಈ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಲಾಗಿದೆಯೇ, ಅಥವಾ ಪ್ರಯೋಗಾಲಯದ ಜೀವಕೋಶ ಮತ್ತು ಇಲಿಗಳ ಮೇಲೆ ಮಾತ್ರವೇ? ಬೇರೆ ಸಂಶೋಧಕರಿಗೂ ಅದೇ ಫಲಿತಾಂಶ ಸಿಕ್ಕಿದೆಯೇ? ಪ್ರಬಂಧ ಹಿಂತೆಗೆತವಾಗಿಲ್ಲವಷ್ಟೇ? ಉತ್ತರ ಗೊತ್ತಿಲ್ಲದಿದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ಕೇಳುವುದು ಲೇಸು. ಅವರ ಬಳಿಗೆ ಹೋಗಲು ಅಂಜುವ ಕುಟುಂಬದ ಜೊತೆಗೆ ಒಬ್ಬರಾದರೂ ಹೋಗೋಣ. ಚಿಕಿತ್ಸೆ ಮುಗಿಯುವವರೆಗೆ ಆ ಮನೆಯವರು ಒಂಟಿಯಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.