ಸೋಲಿಗರ ತರಗು ಬೆಂಕಿ

ಗುಂಡ್ಲುಪೇಟೆಯನ್ನು ದಾಟಿ ಉದಕಮಂಡಲದ ರಸ್ತೆ ಹಿಡಿದವರಿಗೆ ಬಂಡೀಪುರದ ಕಾಡು ಪರಿಚಿತವೇ. ಮಕ್ಕಳು ಕಿಟಕಿಗೆ ಮುಖವೊತ್ತಿ ಜಿಂಕೆಗಳನ್ನು ಎಣಿಸುವ ಆ ಕಾಡು 2019ರ ಫೆಬ್ರವರಿಯಲ್ಲಿ ಹೊತ್ತಿ ಉರಿಯಿತು. ಗಾಳಿಯ ಬೆನ್ನೇರಿ ಹಬ್ಬಿದ ಬೆಂಕಿಯನ್ನು ಅರಣ್ಯ ಸಿಬ್ಬಂದಿಯೂ ಊರೂರುಗಳಿಂದ ಧಾವಿಸಿದ ಸ್ವಯಂಸೇವಕರೂ ಹಸಿಸೊಪ್ಪಿನಿಂದ ಬಡಿಬಡಿದು ದಣಿದರು. ಕಡೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿಯಬೇಕಾಯಿತು. ಉರಿ ಆರುವಷ್ಟರಲ್ಲಿ 10,000 ಎಕರೆಗೂ ಮಿಗಿಲಾದ ಕಾಡು ಕಪ್ಪಾಗಿತ್ತು.

ಬೆಂಕಿ ಹಚ್ಚಿದವರಾರು ಎಂಬುದೇ ಆಗ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಆದರೆ ಕಿಡಿ ಯಾರದೇ ಆಗಲಿ, ಅದಕ್ಕೆ ಅಷ್ಟೊಂದು ಸೌದೆ ಒದಗಿದ್ದು ಎಲ್ಲಿಂದ? ಇದನ್ನು ತಿಳಿಯಬೇಕಾದರೆ ಅದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಬೇಕು.

ತಲೆಮಾರುಗಳಿಂದ ಆ ಬೆಟ್ಟದಲ್ಲಿ ಬಾಳಿದ ಸೋಲಿಗರಿಗೆ ಬೆಂಕಿಯೆಂದರೆ ಭಯವಿರಲಿಲ್ಲ, ಅದೊಂದು ಕಸಬರಿಕೆ. ಅದನ್ನು ಅವರು ‘ತರಗು ಬೆಂಕಿ’ ಎನ್ನುತ್ತಾರೆ. ತರಗೆಂದರೆ ಒಣಗಿ ಉದುರಿದ ಎಲೆ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಚಳಿಗಾಲದ ತೇವವಿರುವ ಜನವರಿಯ ಹೊತ್ತಿಗೆ ಅವರು ಅಲ್ಲಲ್ಲಿ ತರಗೆಲೆಗೆ ಬೆಂಕಿಯಿಡುತ್ತಿದ್ದರು. ಅದು ಮರವೇರುವ ಜ್ವಾಲೆಯಲ್ಲ. ನೆಲವನ್ನು ನೆಕ್ಕುತ್ತ ಹರಿದು, ತೇವ ಸಿಕ್ಕಲ್ಲಿ ತಾನೇ ನಂದಿಹೋಗುವ ಉರಿ. ದೊಡ್ಡ ಮರಗಳಿಗೆ ಅದರಿಂದ ಹೆಚ್ಚಿನ ಹಾನಿಯಿಲ್ಲ. ಉಣ್ಣೆ ಸಾಯುತ್ತಿತ್ತು, ಕಾಲುದಾರಿ ತೆರೆಯುತ್ತಿತ್ತು, ಜಿಂಕೆ ಕಡವೆಗಳಿಗೆ ಎಳೆಯ ಹುಲ್ಲು ಚಿಗುರುತ್ತಿತ್ತು. ನೆಲ್ಲಿಮರದ ರಸ ಹೀರುವ ‘ಉಪ್ಪಿಲು’ ಎಂಬ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತೆಂದು ಸೋಲಿಗರು ಹೇಳುತ್ತಾರೆ. ನೆಲ್ಲಿಕಾಯಿ ಆಯ್ದು ಮಾರುವವರಿಗೆ ಅದು ಸಣ್ಣ ವಿಷಯವಲ್ಲ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರ ಬೇಸಾಯವೂ ನಿಂತಿತು, ಬೆಂಕಿಯೂ ನಿಂತಿತು. ಕಾಡನ್ನು ಕಾಪಾಡಬೇಕೆಂಬ ಸದುದ್ದೇಶವನ್ನು ಹಳಿಯುವವರಾರು? ಆದರೆ ಎಲೆ ಉದುರುವುದು ಕಾನೂನು ಕೇಳಿ ಅಲ್ಲವಷ್ಟೆ!

ಅದರ ಜೊತೆಗೆ ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆ ಮರುಳಾಗಿ ಭಾರತಕ್ಕೆ ತಂದರು. ನಮ್ಮಲ್ಲಿ ಎಷ್ಟೋ ಜನ ಅದನ್ನು ಬೇಲಿಯಲ್ಲಿ ಕಂಡು ಚೆಂದವೆಂದವರೇ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿಯ ಕಾಡಿನಲ್ಲಿ ಎಣಿಸಿ ನೋಡಿದಾಗ, 1997ರಲ್ಲಿ 20 ಕಾಂಡಗಳಲ್ಲಿ 1 ಲಂಟಾನವಾಗಿದ್ದುದು 2008ರ ವೇಳೆಗೆ 5ರಲ್ಲಿ 1 ಆಗಿತ್ತು. ಆಳೆತ್ತರದ ಈ ಒಣಪೊದೆ ನೆಲದ ಬೆಂಕಿಗೆ ಏಣಿಯಿದ್ದಂತೆ. ಅದನ್ನು ಹತ್ತಿ ಜ್ವಾಲೆ ಮರದ ನೆತ್ತಿಯನ್ನು ಮುಟ್ಟುತ್ತದೆ. ಎಳೆಯ ಲಂಟಾನವನ್ನು ತರಗು ಬೆಂಕಿ ಸುಟ್ಟು ಹಾಕುತ್ತಿತ್ತು ಎಂಬುದು ಸೋಲಿಗರ ವಾದ.

ಹಾಗಾದರೆ ನಾಳೆಯೇ ಬೆಂಕಿಯಿಡಲು ಬಿಡೋಣವೆ? ಕೂಡದು. ಪೊದೆ ಇಷ್ಟು ದಟ್ಟವಾದ ಮೇಲೆ ಸಣ್ಣ ಬೆಂಕಿಯೂ ದೊಡ್ಡದಾದೀತು. ಮೊದಲು ಲಂಟಾನವನ್ನು ಬುಡಸಹಿತ ಕಿತ್ತು ತೆಗೆಯಬೇಕು. ಮೇಲೆ ಕಡಿದರೆ ಮತ್ತೆ ಚಿಗುರುವ ಮೊಂಡು ಜಾತಿ ಅದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕೋಲುಗಳಿಂದ ಕುರ್ಚಿ ಮೇಜುಗಳನ್ನು ಮಾಡಿ ಮಾರಿದ್ದುಂಟು. ಆದರೆ ಕುರ್ಚಿಗಳಿಂದಲೇ ಕಾಡು ಬರಿದಾಗುವಷ್ಟು ಲಂಟಾನ ಕಡಮೆಯಿಲ್ಲ.

ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯೂ ಬೆಂಕಿರೇಖೆಗಳನ್ನು ಬಿಡಿಸಿ ಅಲ್ಲಿಯ ಹುಲ್ಲು ತರಗನ್ನು ಸುಡುತ್ತದೆ. ಬೆಂಕಿಯಿಂದ ಬೆಂಕಿಯನ್ನು ತಡೆಯುವ ಉಪಾಯ ಇಲಾಖೆಗೂ ಹೊಸದಲ್ಲವೆಂದಾಯಿತು. ಉತ್ತರ ಆಸ್ಟ್ರೇಲಿಯದ ಆರ್ನಮ್ ಲ್ಯಾಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಒಣಹವೆಯ ಆರಂಭದಲ್ಲೇ ಮೂಲನಿವಾಸಿಗಳು ತಮ್ಮ ಪದ್ಧತಿಯಂತೆ ಹುಲ್ಲುಗಾಡನ್ನು ಸುಡುತ್ತಾರೆ, ಅದಕ್ಕೆ ಅವರಿಗೆ ಹಣವೂ ಸಲ್ಲುತ್ತದೆ. ಇಲ್ಲಿ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಂತೆ ಜೇನು, ನೆಲ್ಲಿ ಮುಂತಾದವುಗಳ ಮೇಲೆ ಸಮುದಾಯದ ಹಕ್ಕು ದೊರೆಯಿತು. ಬೆಂಕಿಯ ಮಾತು ಮಾತ್ರ ಹಾಗೆಯೇ ಉಳಿಯಿತು.

1974ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಸೋಲಿಗನಿಗೆ ಈಗ ಎಪ್ಪತ್ತು ದಾಟಿದೆ. ಯಾವ ಇಳಿಜಾರಿಗೆ ಯಾವ ವಾರ ತಕ್ಕದ್ದು, ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂಬುದನ್ನೆಲ್ಲ ಅವನು ತಂದೆಯ ಹಿಂದೆ ನಡೆದು ಕಲಿತವನು. ಅವನ ಮೊಮ್ಮಗ ಬೇಸಿಗೆಯಲ್ಲಿ ಬೆಂಕಿ ಕಾವಲುಗಾರನಾಗಿ ದಿನಗೂಲಿಗೆ ಹೋಗುತ್ತಾನೆ. ಉರಿಯನ್ನು ಬಡಿದು ಆರಿಸುವುದು ಅವನಿಗೆ ಗೊತ್ತು. ಹಚ್ಚುವುದನ್ನು ಯಾರೂ ಕಲಿಸಿಲ್ಲ.