ಬಿಸಿಯಾದ ಮೇಲೆ ನಿಲ್ಲುವ ಸ್ಪ್ರೇ ಇಂಜಿನ್

ಬೆಳಿಗ್ಗೆ ಒಂದೇ ಎಳೆತಕ್ಕೆ ಹೊರಟು, ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ಓಡಿ, ಆಮೇಲೆ ತಾನಾಗಿ ನಿಂತುಬಿಡುವ ಪೆಟ್ರೋಲ್ ಇಂಜಿನ್ನಿನ ಕಷ್ಟ ಅಡಿಕೆಗೆ ಕೊಳೆ ಔಷಧಿ ಹೊಡೆಸುವವರಿಗೆ ಹೊಸದಲ್ಲ. ನಿಂತ ಮೇಲೆ ಎಷ್ಟು ಹಗ್ಗ ಎಳೆದರೂ ಹೊರಡದು. ಊಟ ಮುಗಿಸಿ ಬಂದರೆ ಏನೂ ಆಗದಂತೆ ಹೊರಡುತ್ತದೆ. ಮಳೆ ಬಿಡುವು ಕೊಟ್ಟದ್ದು ಒಂದೇ ದಿನ, ಕೊನೆಗೌಡ ಮರದ ಮೇಲೆ, ಡ್ರಮ್ಮಿನಲ್ಲಿ ಅಂದೇ ಖರ್ಚಾಗಬೇಕಾದ ಬೋರ್ಡೋ ದ್ರಾವಣ. ಆ ದಿನ ತಪ್ಪಿದರೆ ಕೊಳೆರೋಗ ಕಾಯುವುದಿಲ್ಲ.

ಈ ದೋಷ ಗ್ಯಾರೇಜಿನಲ್ಲಿ ಸಿಕ್ಕುವುದು ಕಷ್ಟ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಂಜಿನ್ ತಣ್ಣಗಾಗಿ ಸರಿಯಾಗಿಯೇ ಓಡುತ್ತದೆ. ಕಾರ್ಬ್ಯುರೇಟರ್ ತೊಳೆದು ಕಳಿಸುತ್ತಾರೆ, ಮರುದಿನ ಅದೇ ಕಥೆ. ಆದ್ದರಿಂದ ಇಂಜಿನ್ ನಿಂತ ಕೂಡಲೇ, ತೋಟದಲ್ಲಿಯೇ, ಮೊದಲ ಎರಡು ಮೂರು ನಿಮಿಷಗಳಲ್ಲಿ ಪರೀಕ್ಷೆ ಆಗಬೇಕು. ಇದಕ್ಕೆ ಬೇಕಾದದ್ದು ಒಂದು ಪ್ಲಗ್ ಸ್ಪಾನರ್, ಒಂದು ಒಳ್ಳೆಯ ಪ್ಲಗ್ಗು. ಇವೆರಡು ಪಂಪಿನ ಜೊತೆಯಲ್ಲೇ ಇರಲಿ.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ. ಗಾಳಿ ಒಳಕ್ಕೆಳೆದ ಸದ್ದು ಕೇಳಿ, ತುಸು ಹೊತ್ತಿನಲ್ಲೇ ಇಂಜಿನ್ ಹೊರಟರೆ ತಪ್ಪು ಮುಚ್ಚಳದ್ದು. ಪೆಟ್ರೋಲ್ ಇಳಿದಂತೆ ಗಾಳಿ ಒಳಬರಲು ಅದರಲ್ಲಿ ಸಣ್ಣ ರಂಧ್ರವಿರುತ್ತದೆ. ಧೂಳು, ಒಣಗಿದ ಸುಣ್ಣದ ನೀರು ಅದನ್ನು ಮುಚ್ಚಿದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ನೋಡುವವರಿಗೆ ಬಿಸಿಯ ದೋಷದಂತೆ ಕಂಡರೂ ಇದಕ್ಕೂ ಬಿಸಿಗೂ ಸಂಬಂಧವೇ ಇಲ್ಲ. ಮುಚ್ಚಳ ತೊಳೆದರೆ ಮುಗಿಯಿತು.

ಅದಲ್ಲವಾದರೆ ಕಿಡಿ ನೋಡಬೇಕು. ಮುಚ್ಚಳ ಬಿಗಿದು, ಪೆಟ್ರೋಲ್ ನಲ್ಲಿ ನಿಲ್ಲಿಸಿ, ಚೆಲ್ಲಿದ್ದರೆ ಒರೆಸಿ, ಹಬೆ ಆರಲು ಬಿಡಿ. ಇಂಜಿನ್ನಿನಲ್ಲಿರುವ ಪ್ಲಗ್ಗನ್ನು ಬಿಚ್ಚಬೇಡಿ. ಅದರ ವಯರನ್ನು ತೆಗೆದು ಕೈಯಲ್ಲಿರುವ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಒತ್ತಿಹಿಡಿದು ಹಗ್ಗ ಎಳೆಸಿ. ಹಿಡಿಯುವುದಕ್ಕೆ ರಬ್ಬರ್ ಹಿಡಿಯ ಇಕ್ಕಳವಿರಲಿ, ಬರಿಗೈ ಬೇಡ.

ಕಿಡಿ ಇಲ್ಲವೆಂದಾದರೆ ಕಾಯಿಲ್ ಬದಲಿಸುವ ಮೊದಲು ಒಂದು ಮಾತು. ಕೆಲವು ಇಂಜಿನ್ನುಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿಯನ್ನು ತಾನೇ ನಿಲ್ಲಿಸುವ ಏರ್ಪಾಡಿದೆ. ಪಂಪನ್ನು ಇಳಿಜಾರಿನಲ್ಲಿ ಓರೆಯಾಗಿ ಇಟ್ಟರೂ ಅದು ಹಾಗೆಯೇ ಮಾಡುತ್ತದೆ. ನಮ್ಮ ತೋಟಗಳಲ್ಲಿ ಸಮತಟ್ಟು ಜಾಗ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತು! ಸಮನಾಗಿ ಇಟ್ಟು, ಆಯಿಲ್ ಮಟ್ಟ ನೋಡಿ, ಮತ್ತೆ ಎಳೆದು ನೋಡುವುದು ಒಳ್ಳೆಯದು.

ಅಷ್ಟಾದರೂ ಕಿಡಿ ಬಾರದೆ, ತಣ್ಣಗಾದ ಮೇಲೆ ಅದೇ ಪ್ಲಗ್ಗಿನಲ್ಲಿ ಚೆನ್ನಾಗಿ ಬಂದರೆ ಅನುಮಾನ ಕಾಯಿಲ್ ಮೇಲೆಯೇ. ಅದರೊಳಗಿನ ತಂತಿ ಕೂದಲಿಗಿಂತ ತೆಳುವು. ಎಲ್ಲೋ ಬಿರುಕಿದ್ದರೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಇಂಜಿನ್ ನಿಂತ ಮೇಲೆ ಫ್ಯಾನಿನ ಗಾಳಿಯೂ ನಿಲ್ಲುವುದರಿಂದ ಕಾಯಿಲ್ ಸ್ವಲ್ಪ ಹೊತ್ತು ಇನ್ನಷ್ಟು ಕಾಯುತ್ತದೆ. ಐದು ನಿಮಿಷ ಕಾದರೂ ಹೊರಡದಿರುವುದು ಇದರಿಂದಲೇ. ಮೀಟರ್ ಇದ್ದವರು ಬಿಸಿಯಲ್ಲೊಮ್ಮೆ, ತಣ್ಣಗಿದ್ದಾಗೊಮ್ಮೆ ಓಮ್ ಅಳೆಯಬಹುದು. 50 ಡಿಗ್ರಿ ಕಾವು ಏರಿದರೆ ಓಮ್ ಐದನೇ ಒಂದು ಪಾಲು ಏರುವುದು ತಾಮ್ರದ ಗುಣ. ಬಿಸಿಯಲ್ಲಿ ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಒಳಗೇ ಇಲೆಕ್ಟ್ರಾನಿಕ್ ಭಾಗಗಳಿರುವ ಕಾಯಿಲ್‌ಗಳಲ್ಲಿ ಮಾತ್ರ ಈ ಅಳತೆಯನ್ನು ನಂಬಬಾರದು, ಕಿಡಿಯೇ ಸಾಕ್ಷಿ.

ಕಿಡಿ ಚೆನ್ನಾಗಿದ್ದು, ಬಿಸಿಯಲ್ಲಿ ಹಗ್ಗ ಎಂದಿಗಿಂತ ಹಗುರವಾಗಿ ಬರುತ್ತಿದ್ದರೆ ವಾಲ್ವ್ ನೋಡಿಸಬೇಕು. ಟ್ಯಾಪೆಟ್ ಸಂದು ಕಿರಿದಾಗಿದ್ದರೆ, ಕಾದು ಉದ್ದವಾದ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ. ಈ ಸಂದನ್ನು ಇಂಜಿನ್ ತಣ್ಣಗಿರುವಾಗಲೇ, ಕೈಪುಸ್ತಕದ ಅಳತೆಯಂತೆ ಇಡಿಸತಕ್ಕದ್ದು.

ತುಂತುರು ಮಳೆಗೆಂದು ಇಂಜಿನ್ನಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟುವ ರೂಢಿ ಹಲವು ಕಡೆ ಇದೆ. ಫ್ಯಾನ್ ಅದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಎಳೆಯುವುದರಿಂದ ಒಳ್ಳೆಯ ಕಾಯಿಲ್ ಕೂಡ ಬೇಗ ಹಾಳಾದೀತು. ನಾಲ್ಕು ಗೂಟ ನೆಟ್ಟು ಮೇಲೆ ಎತ್ತರಕ್ಕೆ ಮಾಡು ಕಟ್ಟಿದರೆ ಸಾಕು. ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ನಡುವೆ ಸೇರಿದ ಸುಣ್ಣ, ಕಸವನ್ನು ಹಂಗಾಮಿಗೆ ಮೊದಲು ಕವಚ ಬಿಚ್ಚಿ ಕೆರೆದು ತೆಗೆಯಿರಿ.