ನೀಲಿ ಕೋಟು ಮತ್ತು ಅಂಕಪಟ್ಟಿ

‘ಪಿಯುಸಿಗೆ ಬಂದದ್ದಾಯಿತು, ಇನ್ನು ಆಟ ಸಾಕು’ ಎಂಬ ಮಾತು ಕೇಳದ ಮನೆ ಅಪರೂಪ. ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟದ ಓಟ ಗೆದ್ದ ಹುಡುಗಿಯ ಬೂಟುಗಳು ಅಟ್ಟ ಸೇರುತ್ತವೆ. ಆ ಜಾಗಕ್ಕೆ ಟ್ಯೂಷನ್ ಬರುತ್ತದೆ. ಓದು ಬೇರೆ, ಆಟ ಬೇರೆ. ಒಂದು ಬೇಕಾದರೆ ಇನ್ನೊಂದನ್ನು ಬಿಡಲೇಬೇಕು ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ.

ಆದರೆ ವಿಶ್ವವಿದ್ಯಾಲಯಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳು ಮೊದಲ ಬಾರಿಗೆ ದೋಣಿ ಸ್ಪರ್ಧೆಗೆ ಇಳಿದದ್ದು 1829ರಲ್ಲಿ. ಮುಂದೆ ಆಕ್ಸ್‌ಫರ್ಡಿಗೆ ಕಡುನೀಲಿ, ಕೇಂಬ್ರಿಜ್‌ಗೆ ತಿಳಿನೀಲಿ ಗುರುತಿನ ಬಣ್ಣಗಳಾದವು. ವಿಶ್ವವಿದ್ಯಾಲಯದ ಪರವಾಗಿ ಆಡಿದವರಿಗೆ ‘ಬ್ಲೂ’ ಎಂಬ ಗೌರವ ಬಂದದ್ದು ಹೀಗೆ. ನಮ್ಮ ಕಾಲೇಜುಗಳಲ್ಲಿ ‘ಯೂನಿವರ್ಸಿಟಿ ಬ್ಲೂ’ ಎನಿಸಿಕೊಂಡವರು ಹೆಮ್ಮೆಯಿಂದ ತೊಡುವ ಕೋಟಿನ ಮೂಲವೂ ಅಲ್ಲಿಯದೇ.

ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಕ್ರಿಕೆಟ್‌ಗೆ ರೋಹಿಂಟನ್ ಬಾರಿಯಾ ಟ್ರೋಫಿ 1935-36ರಲ್ಲಿ ಆರಂಭವಾಯಿತು. 2022ರ ಏಪ್ರಿಲ್-ಮೇ ತಿಂಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಬೆಂಗಳೂರು ಆತಿಥ್ಯ ವಹಿಸಿದಾಗ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ತಂಡಗಳು ಬಂದಿದ್ದವು.

ಬಹುಮಾನದ ಮಾತು ಹಾಗಿರಲಿ, ಈ ಆಟಗಳು ವಿದ್ಯಾರ್ಥಿಗೆ ಕೊಡುವುದೇನು? ಮೊದಲನೆಯದು, ಒಂದು ಗುರುತು. ನೂರಾರು ಮಂದಿಯ ತರಗತಿಯಲ್ಲಿ ಸಣ್ಣ ಊರಿನಿಂದ ಬಂದ ಹುಡುಗ ಬರಿಯ ರಿಜಿಸ್ಟರ್ ನಂಬರ್. ಅದೇ ಹುಡುಗ ಎದೆಯ ಮೇಲೆ ವಿಶ್ವವಿದ್ಯಾಲಯದ ಹೆಸರು ಹೊತ್ತು ಕಬಡ್ಡಿ ಅಂಕಣಕ್ಕೆ ಇಳಿದಾಗ ಸಾವಿರಾರು ಮಂದಿಯ ಪ್ರತಿನಿಧಿ. ರೈಲಿನಲ್ಲಿ ಪರರಾಜ್ಯಕ್ಕೆ ಹೋಗಿ, ಸೋತು, ಮರುವರ್ಷ ಮತ್ತೆ ಹೋಗುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪಾಠ.

ಹಾಗೆಂದು ಓದನ್ನು ಕೈಬಿಡಬೇಕಿಲ್ಲ. ಸ್ಪಿನ್ ಮಾಂತ್ರಿಕ ಎರಪಳ್ಳಿ ಪ್ರಸನ್ನ ಅವರನ್ನೇ ನೋಡಿ. 1962ರಲ್ಲಿ ಟೆಸ್ಟ್‌ಗೆ ಪದಾರ್ಪಣೆ ಮಾಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿದ ಅವರು ಮೈಸೂರಿಗೆ ಮರಳಿ ಎಂಜಿನಿಯರಿಂಗ್ ಓದನ್ನು ಪೂರೈಸಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ಕಳೆದುಹೋಯಿತೆಂದು ಮರುಗಿದವರಿಗೆ 189 ವಿಕೆಟ್‌ಗಳೇ ಉತ್ತರ. ಅನಿಲ್ ಕುಂಬ್ಳೆ 1990ರಲ್ಲಿ ಟೆಸ್ಟ್ ಆಡತೊಡಗಿದಾಗ ಬೆಂಗಳೂರಿನ ಆರ್.ವಿ. ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿ. ಪದವಿಯನ್ನೂ ಪಡೆದರು, 619 ವಿಕೆಟ್‌ಗಳನ್ನೂ ಪಡೆದರು. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿ ಜಗತ್ತನ್ನು ಬೆರಗುಗೊಳಿಸಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯ ವಿದ್ಯಾರ್ಥಿ. ಮುಂದೆ ಹೆಸರಾಂತ ನರರೋಗ ತಜ್ಞರಾದರು.

ಎಲ್ಲರೂ ಕುಂಬ್ಳೆ ಆಗುವುದಿಲ್ಲ, ನಿಜ. ಟ್ರೋಫಿಯ ಆಸೆಗೆ ಕ್ರೀಡಾ ಕೋಟಾದಲ್ಲಿ ಸೇರಿಸಿಕೊಂಡು, ತರಗತಿಯ ಕಡೆ ತಿರುಗಿಯೂ ನೋಡಗೊಡದ ಕಾಲೇಜು ವಿದ್ಯಾರ್ಥಿಗೆ ಮಾಡುವುದು ಉಪಕಾರವಲ್ಲ. ಇಪ್ಪತ್ತೊಂದರ ವಯಸ್ಸಿನಲ್ಲಿ ಮೊಣಕಾಲು ಕೈಕೊಟ್ಟರೆ ಆತನ ಬಳಿ ಆಟವೂ ಇಲ್ಲ, ಪದವಿಯೂ ಇಲ್ಲ. ಇನ್ನೊಂದೆಡೆ, ಆಯ್ದ ಹನ್ನೊಂದು ಮಂದಿಗಷ್ಟೇ ಮೈದಾನ ಮೀಸಲಾದರೆ ಉಳಿದವರಿಗೆ ಚಪ್ಪಾಳೆಯ ಕೆಲಸವೊಂದೇ.

ಆದ್ದರಿಂದ ಕಾಲೇಜು ಆರಿಸುವಾಗ ಫಲಿತಾಂಶದ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ಪಾಲಕರು ಕೇಳಬೇಕು. ಮೈದಾನ ಎಲ್ಲ ವಿದ್ಯಾರ್ಥಿಗಳಿಗೂ, ವಿದ್ಯಾರ್ಥಿನಿಯರಿಗೂ ತೆರೆದಿದೆಯೇ? ಪಂದ್ಯಕ್ಕೆ ಹೋದವರ ಹಾಜರಿಗೆ, ತಪ್ಪಿದ ಪಾಠಕ್ಕೆ, ಪರೀಕ್ಷೆಗೆ ಏನು ವ್ಯವಸ್ಥೆ? ವಿದ್ಯಾರ್ಥಿಗಳು ಸಹ ಪಂದ್ಯಕ್ಕೆ ಹೊರಡುವ ಮೊದಲೇ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪತ್ರ ಪಡೆದು ಪ್ರಾಂಶುಪಾಲರಿಗೆ ತಲುಪಿಸಲಿ. ಬಂದಮೇಲೆ ಗೆಳೆಯರ ನೋಟ್ಸ್ ಬರೆದುಕೊಳ್ಳಲಿ.

ಅಟ್ಟ ಸೇರಿದ ಆ ಬೂಟುಗಳನ್ನು ಮತ್ತೆ ಕೆಳಗಿಳಿಸಿದರೆ ಅಂಕಪಟ್ಟಿಗೇನೂ ಮುನಿಸಿಲ್ಲ. ದಿನಕ್ಕೊಂದು ಗಂಟೆ ಬೆವರು ಹರಿಸಿದವಳು ಪುಸ್ತಕದ ಮುಂದೆ ಕೂತಾಗ ತೂಕಡಿಸುವುದು ಕಡಿಮೆಯೇ.